ಮುಟ್ಟು ನಿಂತ ಮೇಲೆ ಕಂಡ ಅಂಡಾಶಯದ ಗಡ್ಡೆ: ಸಿಎ-125 ಒಂದನ್ನೇ ಓದಬೇಡಿ

ಬೆನ್ನುನೋವಿಗೋ ಮೂತ್ರಪಿಂಡದ ಕಲ್ಲಿಗೋ ಮಾಡಿಸಿದ ಸ್ಕ್ಯಾನಿನಲ್ಲಿ ಅಂಡಾಶಯದ ಗಡ್ಡೆ ಅನಿರೀಕ್ಷಿತವಾಗಿ ಕಾಣಿಸಿತೆಂದು, ಮುಟ್ಟು ನಿಂತು ಎಷ್ಟೋ ವರ್ಷಗಳಾದ ತಾಯಂದಿರನ್ನು ಮಕ್ಕಳು ನನ್ನ ಬಳಿ ಕರೆತರುತ್ತಾರೆ. ಸ್ಕ್ಯಾನಿನ ಪೂರ್ಣ ವರದಿಯನ್ನು ಮನೆಯಲ್ಲೇ ಬಿಟ್ಟು, ಸಿಎ-125 ರಕ್ತಪರೀಕ್ಷೆಯ ಹಾಳೆಯನ್ನು ಮಾತ್ರ ಕೈಯಲ್ಲಿ ಹಿಡಿದಿರುತ್ತಾರೆ. ಅಂಕಿ ಸಹಜ ಮಿತಿಯಾದ 35 ಯೂನಿಟ್ ದಾಟಿದ್ದರೆ ಇಡೀ ಮನೆ ನಿದ್ದೆಗೆಟ್ಟಿರುತ್ತದೆ. ದಾಟದಿದ್ದರೆ ತಾಯಿಯನ್ನೇ ಕರೆತರದೆ ಹಾಳೆಯನ್ನಷ್ಟೇ ತೋರಿಸಿ ಹೋಗುವವರೂ ಇದ್ದಾರೆ. ಎರಡೂ ತಪ್ಪು; ಎರಡನೆಯದು ಹೆಚ್ಚು ಅಪಾಯಕಾರಿ.

ಸಿಎ-125 ಅಂಡಾಶಯಕ್ಕಷ್ಟೇ ಸೇರಿದ ವಸ್ತುವಲ್ಲ. ಹೊಟ್ಟೆ, ಎದೆ ಮತ್ತು ಹೃದಯವನ್ನು ಆವರಿಸಿರುವ ಪೊರೆಗಳೂ ಈ ಪ್ರೋಟೀನನ್ನು ಸ್ರವಿಸುವುದರಿಂದ, ಆ ಪೊರೆಗಳನ್ನು ಕೆರಳಿಸುವ ಯಾವ ಕಾಯಿಲೆಯಲ್ಲಾದರೂ, ಅಂದರೆ ಕ್ಷಯ, ಲಿವರ್ ಸಿರೋಸಿಸ್, ಹೃದಯ ವೈಫಲ್ಯಗಳಲ್ಲಿ, ಅದು ಏರಬಹುದು. ಇನ್ನೊಂದೆಡೆ, ಮೊದಲ ಹಂತದ ಅಂಡಾಶಯ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಏರುವುದೇ ಇಲ್ಲ.

ಹಾಗಾದರೆ ಈ ಪರೀಕ್ಷೆಯನ್ನು ಬರೆದುಕೊಡುವುದೇಕೆ? ಸ್ಕ್ಯಾನಿನ ಜೊತೆಗಿಟ್ಟು ಓದಿದಾಗ ಅದಕ್ಕೆ ಬೆಲೆ ಬರುತ್ತದೆ. ನಾವು ಬಳಸುವ ಒಂದು ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಗಡ್ಡೆಯೊಳಗೆ ಹಲವು ಕೋಣೆಗಳಿವೆಯೇ, ಘನ ಭಾಗವಿದೆಯೇ, ಎರಡೂ ಕಡೆ ಇದೆಯೇ, ಹೊಟ್ಟೆಯಲ್ಲಿ ನೀರು ತುಂಬಿದೆಯೇ, ಬೇರೆಡೆಗೆ ಹರಡಿದ ಗುರುತಿದೆಯೇ ಎಂಬ ಐದು ಲಕ್ಷಣಗಳನ್ನು ಸ್ಕ್ಯಾನಿನಲ್ಲಿ ಹುಡುಕುತ್ತೇವೆ. ಒಂದೂ ಇಲ್ಲದಿದ್ದರೆ ಸೊನ್ನೆ, ಒಂದಿದ್ದರೆ 1, ಎರಡು ಅಥವಾ ಹೆಚ್ಚಿದ್ದರೆ 3 ಅಂಕ. ಅದನ್ನು ಮುಟ್ಟು ನಿಂತವರಿಗೆ ನಿಗದಿಯಾದ 3ರಿಂದಲೂ, ಬಳಿಕ ಸಿಎ-125ರ ಅಂಕಿಯಿಂದಲೂ ಗುಣಿಸಬೇಕು. ಮೂವರು ಮಹಿಳೆಯರಿಗೂ ಸಿಎ-125 ಸರಿಯಾಗಿ 40 ಇದೆಯೆನ್ನೋಣ. ಯಾವ ಲಕ್ಷಣವೂ ಇಲ್ಲದವರಿಗೆ ಬರುವ ಗುಣಲಬ್ಧ ಸೊನ್ನೆ, ಒಂದು ಲಕ್ಷಣವಿದ್ದವರಿಗೆ 120, ಎರಡಿದ್ದವರಿಗೆ 360. ಸಾಮಾನ್ಯವಾಗಿ 200 ದಾಟಿದವರನ್ನು ಸ್ತ್ರೀರೋಗ ಕ್ಯಾನ್ಸರ್ ತಜ್ಞರ ಬಳಿ ಕಳುಹಿಸುತ್ತೇವೆ. ರಕ್ತದ ಅಂಕಿ ಒಂದೇ ಆಗಿದ್ದರೂ ಮೂವರ ಲೆಕ್ಕವೂ ಬೇರೆಯಾಯಿತು, ಮತ್ತು ಬೇರೆ ಮಾಡಿದ್ದು ಸ್ಕ್ಯಾನ್.

ಈ ಲೆಕ್ಕವೂ ಕೊನೆಯ ಮಾತಲ್ಲ. ಮುಟ್ಟು ನಿಂತು ಬಹುಕಾಲದ ಮೇಲೆ ರಕ್ತಸ್ರಾವ ಕಾಣಿಸಿಕೊಂಡ ಒಬ್ಬ ತಾಯಿ, ಸಿಎ-125 ಕಡಿಮೆಯಿದೆ ಎಂಬ ಒಂದೇ ಧೈರ್ಯದಿಂದ ತಿಂಗಳುಗಟ್ಟಲೆ ಸುಮ್ಮನಿದ್ದು ಬಂದರು. ಸ್ಕ್ಯಾನಿನಲ್ಲಿ ರಕ್ತಸಂಚಾರ ಹೆಚ್ಚಿದ್ದ ಘನ ಗಡ್ಡೆಯಿತ್ತು; ಅದು ಈಸ್ಟ್ರೋಜನ್ ಸ್ರವಿಸುವ ಗ್ರಾನ್ಯುಲೋಸಾ ಕೋಶಗಳ ಗಡ್ಡೆ, ಅಂಡಾಶಯ ಕ್ಯಾನ್ಸರಿನ ಒಂದು ಬಗೆ. ಆ ಬಗೆಯಲ್ಲಿ ಸಿಎ-125ನ್ನು ನೆಚ್ಚುವಂತಿಲ್ಲ, ಲೆಕ್ಕ ಹಾಕಿದ್ದರೂ 200 ದಾಟುತ್ತಿರಲಿಲ್ಲ. ಮತ್ತೊಬ್ಬರ ಅಂಕಿ ನೂರುಗಳಲ್ಲಿತ್ತು, ಹೊಟ್ಟೆಯಲ್ಲಿ ನೀರೂ ಇತ್ತು. ಮಗಳು ಅಳುತ್ತಲೇ ಒಳಗೆ ಬಂದಿದ್ದರು. ಬಯಾಪ್ಸಿಯಲ್ಲಿ ಸಿಕ್ಕಿದ್ದು ಹೊಟ್ಟೆಯ ಕ್ಷಯ. ಔಷಧಿ ಮುಗಿಸಿದ ಆ ತಾಯಿ ಪರೀಕ್ಷೆಗೆ ಬಂದಾಗ ನನಗಾದ ಸಂತೋಷ ಅವರ ಮಗಳಿಗಾದದ್ದಕ್ಕಿಂತ ಕಡಿಮೆಯೇನೂ ಇರಲಿಲ್ಲ.

ತೆಳು ಗೋಡೆಯ, ತಿಳಿ ನೀರಿನ, ಒಂದೇ ಕೋಣೆಯ, ಒಂದೇ ಬದಿಯಲ್ಲಿರುವ, 5 ಸೆಂಟಿಮೀಟರಿಗಿಂತ ಚಿಕ್ಕದಾದ ಸಿಸ್ಟ್ ಈ ವಯಸ್ಸಿನಲ್ಲೂ ಅಪರೂಪವಲ್ಲ. ಸಿಎ-125 ಸಹಜವಾಗಿದ್ದು ತೊಂದರೆಯೂ ಇಲ್ಲದಿದ್ದರೆ ನಾಲ್ಕರಿಂದ ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡುತ್ತೇವೆ. ಒಂದು ವರ್ಷ ಬೆಳೆಯದೆ ಉಳಿದರೆ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲಿಸಬಹುದು. ಕಾಯಲು ಹೇಳಿದರೆ ಉದಾಸೀನ ಮಾಡಿದೆನೆಂದು ಮನೆಯವರು ಭಾವಿಸುವುದು ನನಗೆ ನೋವಿನ ಸಂಗತಿ, ಏಕೆಂದರೆ ಅನಗತ್ಯ ಶಸ್ತ್ರಚಿಕಿತ್ಸೆಗೂ ಬೆಲೆಯಿದೆ. ರೋಗಲಕ್ಷಣವಿಲ್ಲದವರಲ್ಲಿ ಸಿಎ-125 ಮತ್ತು ಸ್ಕ್ಯಾನಿನಿಂದ ಕ್ಯಾನ್ಸರ್ ಹುಡುಕಿದ ಅಮೆರಿಕದ ಪಿಎಲ್‌ಸಿಒ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಸುಳ್ಳು ಅನುಮಾನದಿಂದ ಶಸ್ತ್ರಚಿಕಿತ್ಸೆಗೊಳಗಾದ 1,080 ಮಹಿಳೆಯರಲ್ಲಿ 163 ಮಂದಿಗೆ ಗಂಭೀರ ತೊಡಕುಗಳಾಗಿದ್ದವು, ಹೀಗೆ ಹುಡುಕಿದ್ದರಿಂದ ಅಂಡಾಶಯ ಕ್ಯಾನ್ಸರಿನ ಸಾವಿನ ಪ್ರಮಾಣವೂ ತಗ್ಗಿರಲಿಲ್ಲ.

"ಸೂಜಿ ಹಾಕಿ ನೀರು ತೆಗೆದುಬಿಡಿ ಡಾಕ್ಟರೇ" ಎಂಬ ಬೇಡಿಕೆಗೂ ಸಾಮಾನ್ಯವಾಗಿ ನಾನು ಒಪ್ಪುವುದಿಲ್ಲ. ನೀರಿನ ಪರೀಕ್ಷೆ ಕ್ಯಾನ್ಸರನ್ನು ತಪ್ಪಿಸಿಕೊಳ್ಳಬಹುದು, ಸಿಸ್ಟ್ ಮತ್ತೆ ತುಂಬಿಕೊಳ್ಳಬಹುದು; ಒಳಗೆ ಕ್ಯಾನ್ಸರ್ ಇದ್ದರೆ ಅದರ ಕೋಶಗಳು ಹೊಟ್ಟೆಯೊಳಗೆ ಚೆಲ್ಲಿ ರೋಗದ ಹಂತವೇ ಮೇಲೇರಬಹುದು. ತೆಗೆಯಲೇಬೇಕಾದರೆ ಅಂಡಾಶಯವನ್ನು ಅಂಡನಾಳದೊಂದಿಗೆ ಒಡೆಯದಂತೆ ಹೊರತೆಗೆಯಬೇಕು, ಅನುಮಾನ ಬಲವಾಗಿದ್ದರೆ ಕ್ಯಾನ್ಸರ್ ಶಸ್ತ್ರಚಿಕಿತ್ಸಾ ತಜ್ಞರೇ ಅದನ್ನು ಮಾಡಬೇಕು.

ಬರುವಾಗ ಸ್ಕ್ಯಾನಿನ ಪೂರ್ಣ ವರದಿ ಮತ್ತು ಹಳೆಯ ಸ್ಕ್ಯಾನುಗಳನ್ನು ತನ್ನಿ. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತೇ, ಹೊಟ್ಟೆ ಉಬ್ಬರ ಹೆಚ್ಚಿದೆಯೇ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆಯೇ ಎಂಬುದನ್ನು ತಾಯಿಯನ್ನೇ ಕೇಳಿಕೊಂಡು ಬನ್ನಿ. ಕೆಳಹೊಟ್ಟೆಯಲ್ಲಿ ಹಠಾತ್ತಾಗಿ ತೀವ್ರ ನೋವು ಮತ್ತು ವಾಂತಿ ಕಾಣಿಸಿಕೊಂಡರೆ ಅಂಡಾಶಯ ತಿರುಚಿಕೊಂಡಿರಬಹುದು. ಆಗ ಯಾವ ವರದಿಗೂ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ.