ಬೆಟ್ಟದ ಗಾಳಿ, ಹಳೇ ಜಿಪ್ಸಿ ಇಂಜಿನ್, ಒಂದು ಚಿಕ್ಕ ಟರ್ಬೊ: ಅಧ್ಯಯನ ಟಿಪ್ಪಣಿ

ಹಳೇ ಇಂಜಿನ್ ಬಿಚ್ಚಿ ಕಟ್ಟಿ, ಅದಕ್ಕೊಂದು ಟರ್ಬೊ (ಹೊಗೆಯ ಬಲದಿಂದ ಇಂಜಿನ್‌ಗೆ ಗಾಳಿ ತುಂಬುವ ಯಂತ್ರ) ಹಾಕಬೇಕು ಅನ್ನುವ ಆಸೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಕೈ ಹಾಕಿದ್ದು ನಮ್ಮ ಮನೆಯ ಮಾರುತಿ ಜಿಪ್ಸಿಗೆ. 1.3 ಲೀಟರ್, 16 ವಾಲ್ವ್, ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ). ಮಡಿಕೇರಿ ಹತ್ತಿರದ ನಮ್ಮ ತೋಟದಲ್ಲಿ ಕಾಫಿ ಮೂಟೆ, ಗೊಬ್ಬರ, ಏಣಿ, ಆಳುಕಾಳು ಎಲ್ಲವನ್ನೂ ಹೊತ್ತ ಗಾಡಿ ಅದು. ಇತ್ತೀಚೆಗೆ ಸಂಪಾಜೆ ಘಾಟಿ ಹತ್ತುವಾಗ ಪುಲ್ಲಿಂಗ್ ಇರಲಿಲ್ಲ. ಹಿಂದೆ ನೀಲಿ ಹೊಗೆ ಬೇರೆ.

ಮೊದಲು ಗಾಳಿಯ ಲೆಕ್ಕ ಮಾಡೋಣ. ನಮ್ಮೂರಿನವರು ಇದನ್ನು ಬಿಟ್ಟು ಮುಂದೆ ಹೋಗಲೇಬಾರದು.

ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1.01 ಬಾರ್. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ಒತ್ತಡ 0.88 ಬಾರ್ ಅಷ್ಟೇ. ಅಂದರೆ ಶೇ 13ರಷ್ಟು ಕಡಿಮೆ. ಪಿಸ್ಟನ್ ಕೆಳಗೆ ಇಳಿದಾಗ ಒಳಗೆ ಬರುವ ಗಾಳಿಯೂ ಅಷ್ಟೇ ಕಡಿಮೆ. ಮಂಗಳೂರಿನಲ್ಲಿ 80 ಕುದುರೆ ಶಕ್ತಿ ಕೊಡುವ ಇಂಜಿನ್ ಮಡಿಕೇರಿಗೆ ಬರುವಷ್ಟರಲ್ಲಿ 70ಕ್ಕೆ ಇಳಿದಿರುತ್ತದೆ. ಇಂಜಿನ್ ಹೊಸದಾಗಿದ್ದರೂ ಇಷ್ಟು ಹೋಗಿಯೇ ಹೋಗುತ್ತದೆ. ಬೆಟ್ಟ ಕಿತ್ತುಕೊಂಡದ್ದನ್ನು ವಾಪಸ್ ಕೊಡುವುದೇ ಟರ್ಬೊದ ಮೊದಲ ಕೆಲಸ.

ಟರ್ಬೊದ ಕಥೆಯಲ್ಲೂ ಒಂದು ಬೆಟ್ಟ ಇದೆ. ಹೊಗೆಯ ಬಲದಿಂದ ಚಕ್ರ ತಿರುಗಿಸಿ ಇಂಜಿನ್‌ಗೆ ಗಾಳಿ ತುಂಬುವ ಯೋಚನೆಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದರು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಒಂದು ಲಿಬರ್ಟಿ ವಿಮಾನ ಇಂಜಿನ್ನನ್ನು ಲಾರಿ ಮೇಲೆ ಹೇರಿಕೊಂಡು ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಹೋದರು. 4,300 ಮೀಟರ್ ಎತ್ತರ. ಕೆಳಗೆ 350 ಕುದುರೆ ಶಕ್ತಿ ಕೊಡುತ್ತಿದ್ದ ಇಂಜಿನ್ ಮೇಲೆ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದ ಮೇಲೆ ಅದೇ ಜಾಗದಲ್ಲಿ 356 ಕೊಟ್ಟಿತು. ಕಾರುಗಳಿಗೆ ಟರ್ಬೊ ಬಂದದ್ದು ಇನ್ನೂ ತಡವಾಗಿ, 1962ರಲ್ಲಿ, ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕೋರ್ವೇರ್‌ನಲ್ಲಿ.

ಈಗ ಒಂದು ಚಿಕ್ಕ ಲೆಕ್ಕ. ಬೂಸ್ಟ್ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಜಾಸ್ತಿ ಒತ್ತಡ ಇದೆ ಅನ್ನುವುದನ್ನು ಮಾತ್ರ. ಗೇಜ್‌ನಲ್ಲಿ 0.4 ಬಾರ್ ಇದ್ದರೆ ಮಂಗಳೂರಿನಲ್ಲಿ ಇಂಜಿನ್ ಒಳಗೆ 1.41 ಬಾರ್, ಮಡಿಕೇರಿಯಲ್ಲಿ 1.28 ಬಾರ್. ಆದರೆ ಟರ್ಬೊ ಪಡುವ ಶ್ರಮ ನೋಡಿ. ಮಡಿಕೇರಿಯಲ್ಲಿ 1.28 ÷ 0.88 = 1.45 ಪಟ್ಟು ಅದುಮಬೇಕು, ಮಂಗಳೂರಿನಲ್ಲಿ 1.40 ಪಟ್ಟು ಸಾಕು. ಮೇಲೆ ಬಂದಷ್ಟೂ ಟರ್ಬೊ ಜಾಸ್ತಿ ಸುತ್ತುತ್ತದೆ, ಗಾಳಿ ಜಾಸ್ತಿ ಬಿಸಿಯಾಗುತ್ತದೆ, ಸಿಗುವ ಶಕ್ತಿ ಮಾತ್ರ ಕಡಿಮೆ. ಬಯಲುಸೀಮೆಯವರು ಮಾಡಿದ ಸೆಟ್ಟಿಂಗ್ ಇಲ್ಲಿಗೆ ಹಾಗೇ ಹೊಂದುವುದಿಲ್ಲ, ಅಲ್ವಾ?

ಬಿಚ್ಚುವ ಮುಂಚೆ ಅಳೆಯಿರಿ

ಸ್ಪ್ಯಾನರ್ ಹಿಡಿಯುವ ಮೊದಲು ಕಂಪ್ರೆಶನ್ ಟೆಸ್ಟ್ (ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮುತ್ತದೆ ಎಂದು ನೋಡುವುದು) ಮಾಡಿ. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಸ್ಟಾರ್ಟರ್ ತಿರುಗಿಸಿ ಗೇಜ್ ನೋಡುವುದು. ಇಲ್ಲೂ ಎತ್ತರದ ಲೆಕ್ಕ ಬಿಡುವುದಿಲ್ಲ. ಸಮುದ್ರ ಮಟ್ಟದಲ್ಲಿ 170 ಪಿಎಸ್‌ಐ ತೋರಿಸುವ ಒಳ್ಳೆಯ ಇಂಜಿನ್ ಮಡಿಕೇರಿಯಲ್ಲಿ 148ರ ಸುತ್ತ ತೋರಿಸುತ್ತದೆ. ಕೈಪಿಡಿಯ ಅಂಕಿ ನೋಡಿ ಸುಮ್ನೆ ಹೆದರಬೇಡಿ.

ನನಗೆ ಬಂದದ್ದು 140, 138, 112, 136. ಮೂರನೆಯದರಲ್ಲಿ ಏನೋ ಇದೆ. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆ. 112 ಇದ್ದದ್ದು 134ಕ್ಕೆ ಏರಿತು. ಆಯಿಲ್ ಹೋಗಿ ಪಿಸ್ಟನ್ ಸುತ್ತಲಿನ ರಿಂಗಿನ ಸಂದು ಮುಚ್ಚಿದ್ದರಿಂದ ಏರಿದ್ದು. ಅಂದರೆ ಸೋರುತ್ತಿದ್ದದ್ದು ರಿಂಗ್, ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ತೂತು) ಕಡೆಯಿಂದ. ಏರದೇ ಇದ್ದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕಿತ್ತು.

ಇಂಜಿನ್ ಇಳಿಸಿದ್ದು ಕೊಡಗಿನ ಕಕ್ಕಡ ತಿಂಗಳಲ್ಲಿ. ಮಳೆ ಜೋರಾಗಿರುವಾಗ ತೋಟದಲ್ಲಿ ಗಾಡಿಗೆ ಕೆಲಸ ಕಡಿಮೆ. ಬೋರ್ ಅಳೆಯುವುದು ಒಂದೇ ಜಾಗದಲ್ಲಿ ಅಲ್ಲ. ಮೇಲೆ, ನಡುವೆ, ಕೆಳಗೆ. ಪ್ರತಿ ಕಡೆ ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು. ಒಂದು ಸಿಲಿಂಡರಿಗೆ ಆರು ಅಳತೆ. ಹೊಸದಿದ್ದಾಗ ಬೋರ್ 74 ಮಿ.ಮೀ. ನನ್ನ ಮೂರನೇ ಸಿಲಿಂಡರ್ ಮೇಲ್ಗಡೆ 74.13, ಕೆಳಗಡೆ 74.03. ಮೇಲ್ಗಡೆಯೇ ಜಾಸ್ತಿ ಸವೆಯುವುದು ಏಕೆಂದರೆ ಬಿಸಿ ಮತ್ತು ಒತ್ತಡ ಎರಡೂ ಅಲ್ಲಿ ಜಾಸ್ತಿ, ಆಯಿಲ್ ಕಡಿಮೆ. 0.25 ಓವರ್‌ಸೈಜ್ ಪಿಸ್ಟನ್ ತಂದು ಬೋರಿಂಗ್ ಹಾಕಿಸಿದೆ. 0.50 ಸುಲಭವಾಗಿ ಸಿಗುತ್ತಿತ್ತು, ಆದರೆ ಟರ್ಬೊ ಹಾಕುವ ಇಂಜಿನ್ನಿನಲ್ಲಿ ಲೈನರ್ ಗೋಡೆ ದಪ್ಪ ಉಳಿದಷ್ಟೂ ಒಳ್ಳೆಯದು. ಪಿಸ್ಟನ್ ಮೊದಲು ತಂದು, ಅದನ್ನು ಅಳೆದು, ಆಮೇಲೆ ಬೋರ್ ಮಾಡಿಸಬೇಕು. ಈ ಕ್ರಮ ತಪ್ಪಿಸಬೇಡಿ.

ನನಗೆ ಪೆಟ್ಟು ಬಿದ್ದದ್ದು ಇಲ್ಲಿ. ಲೇತ್ ಅಂಗಡಿಯಿಂದ ಬಂದ ಬ್ಲಾಕ್ ನೋಡಲು ಫಳಫಳ ಹೊಳೆಯುತ್ತಿತ್ತು. ಬಿಳಿ ಬಟ್ಟೆಗೆ ಸ್ವಲ್ಪ ಆಯಿಲ್ ಹಚ್ಚಿ ಬೋರ್ ಒಳಗೆ ಒರೆಸಿದೆ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿತು. ಹೋನಿಂಗ್ ಕಲ್ಲಿನ (ಬೋರ್ ಉಜ್ಜಿ ಹದ ಮಾಡುವ ಕಲ್ಲು) ಪುಡಿ ಹಾಗೇ ಕೂತಿತ್ತು. ಹಾಗೇ ಕಟ್ಟಿದ್ದರೆ ಹೊಸ ರಿಂಗ್, ಹೊಸ ಬೇರಿಂಗ್ ಎಲ್ಲವನ್ನೂ ಅದು ತಿಂದು ಹಾಕುತ್ತಿತ್ತು. ಪೆಟ್ರೋಲ್, ಡೀಸೆಲ್ ಹಾಕಿ ತೊಳೆದರೆ ಈ ಪುಡಿ ಹೋಗುವುದಿಲ್ಲ. ಬಿಸಿ ನೀರು, ಸೋಪಿನ ಪುಡಿ, ಗಡುಸು ಬ್ರಶ್ ಬೇಕು. ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಗೆ ಬರುವವರೆಗೆ ತಿಕ್ಕಬೇಕು. ನಾನು ನಾಲ್ಕು ಸಲ ತೊಳೆದೆ. ಒರೆಸಿದ ಕೂಡಲೇ ಆಯಿಲ್ ಹಚ್ಚಿ. ಬ್ಲಾಕ್ ಅಲ್ಯೂಮಿನಿಯಂ ಆದರೂ ಲೈನರ್ ಬೀಡು ಕಬ್ಬಿಣ. ಕೊಡಗಿನ ಮಳೆಗಾಲದ ತೇವಕ್ಕೆ ಒಂದು ರಾತ್ರಿ ಸಾಕು, ಕೆಂಪು ತುಕ್ಕು ಕಾಣಿಸಿಕೊಳ್ಳುತ್ತದೆ.

ರಿಂಗಿನ ಎರಡು ತುದಿಗಳ ನಡುವಿನ ಸಂದಿನ ಬಗ್ಗೆ ಎರಡು ಮಾತು. ಸಾಧಾರಣ ಇಂಜಿನ್‌ಗೆ ಬೋರ್ ಅಳತೆಯ ಸಾವಿರಕ್ಕೆ 4 ಭಾಗ ಬಿಡುವುದು ರೂಢಿ. 74.25 ಮಿ.ಮೀ. ಬೋರಿಗೆ ಅದು 0.30 ಮಿ.ಮೀ. ಟರ್ಬೊ ಇದ್ದರೆ ಸಾವಿರಕ್ಕೆ 5, ಅಂದರೆ 0.37. ಬೂಸ್ಟ್‌ನಲ್ಲಿ ರಿಂಗ್ ಜಾಸ್ತಿ ಕಾದು ಉದ್ದವಾಗುತ್ತದೆ. ಎರಡು ತುದಿ ಒಂದಕ್ಕೊಂದು ತಾಗಿದರೆ ಹಿಗ್ಗಲು ಜಾಗ ಇಲ್ಲದೆ ಬೋರನ್ನು ಗೀರುತ್ತದೆ, ಪಿಸ್ಟನ್ನಿನ ಅಂಚನ್ನೇ ಮುರಿಯುತ್ತದೆ. ಸಂದು ಸ್ವಲ್ಪ ಜಾಸ್ತಿ ಆದರೆ ಒಂದಿಷ್ಟು ಆಯಿಲ್ ಖರ್ಚಾದೀತು, ಅಷ್ಟೇ.

ಕ್ರ್ಯಾಂಕ್, ಬೇರಿಂಗ್, ವಾಲ್ವ್ ಲ್ಯಾಪಿಂಗ್, ಹೆಡ್ಡಿನ ಸಮ ನೋಡುವುದು ಎಲ್ಲ ಮಾಮೂಲಿ ಓವರ್‌ಹಾಲ್‌ನಂತೆಯೇ. ಒಂದು ಎಚ್ಚರ: ಅಲ್ಯೂಮಿನಿಯಂ ಬ್ಲಾಕಿನ ಮರೆ (ಬೋಲ್ಟ್ ಕೂರುವ ಥ್ರೆಡ್) ಬೇಗ ಹೋಗುತ್ತದೆ. ಟಾರ್ಕ್ ರೆಂಚ್ ಇಲ್ಲದೆ ಹೆಡ್ ಬೋಲ್ಟ್ ಮುಟ್ಟಬೇಡಿ.

ಕಂಪ್ರೆಶನ್ ಇಳಿಸಬೇಕಾ?

ಇಲ್ಲಿ ಕಂಪ್ರೆಶನ್ ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಚಿಕ್ಕ ಜಾಗಕ್ಕೆ ಅದುಮುತ್ತದೆ ಅನ್ನುವ ಅಂಕಿ. ಟರ್ಬೊ ಅಂದ ತಕ್ಷಣ ಅದನ್ನು ಇಳಿಸಲು "ದಪ್ಪ ಗ್ಯಾಸ್ಕೆಟ್ ಹಾಕಿ" ಅನ್ನುವವರು ತುಂಬಾ ಜನ. ಲೆಕ್ಕ ಹಾಕಿ ನೋಡೋಣ. ಒಂದು ಸಿಲಿಂಡರ್ 327 ಸಿಸಿ. ಕಂಪ್ರೆಶನ್ 9 ಎಂದಿಟ್ಟುಕೊಂಡರೆ ಮೇಲೆ ಉಳಿಯುವ ಜಾಗ 327 ÷ 8, ಅಂದರೆ 40.9 ಸಿಸಿ. ಅದನ್ನು 8.5ಕ್ಕೆ ಇಳಿಸಲು 43.6 ಸಿಸಿ ಬೇಕು. ವ್ಯತ್ಯಾಸ 2.7 ಸಿಸಿ. ಗ್ಯಾಸ್ಕೆಟ್ 0.6 ಮಿ.ಮೀ. ದಪ್ಪ ಮಾಡಿದರೆ ಹೆಚ್ಚುಕಡಿಮೆ ಇಷ್ಟು ಸಿಗುತ್ತದೆ. ಕೇಳಲು ಸುಲಭ. ಆದರೆ ಪಿಸ್ಟನ್ ಮೇಲೆ ಬಂದಾಗ ಅದರ ಅಂಚು ಹೆಡ್ಡಿಗೆ ತೀರಾ ಹತ್ತಿರ ಬಂದು ಗಾಳಿಯನ್ನು ನಡುವಿಗೆ ಚಿಮ್ಮಿಸುತ್ತದೆ. ಆ ಕಲಕಾಟದಿಂದ ಪೆಟ್ರೋಲ್ ಬೇಗ, ಸರಿಯಾಗಿ ಉರಿಯುತ್ತದೆ. ಗ್ಯಾಸ್ಕೆಟ್ ದಪ್ಪ ಮಾಡಿದರೆ ಈ ಚಿಮ್ಮುವಿಕೆ ಸೊರಗುತ್ತದೆ. ನಾಕಿಂಗ್ ತಪ್ಪಿಸಲು ಹೋಗಿ ನಾಕಿಂಗ್‌ಗೆ ದಾರಿ ಮಾಡಿದ ಹಾಗೆ. ಇಳಿಸಲೇಬೇಕಾದರೆ ತಲೆಯಲ್ಲಿ ತಗ್ಗು ಇರುವ ಪಿಸ್ಟನ್ ಹಾಕುವುದು ಸರಿಯಾದ ದಾರಿ. ನಾನು ಕಂಪ್ರೆಶನ್ ಮುಟ್ಟಲಿಲ್ಲ. ಬೂಸ್ಟ್ 0.4 ದಾಟಿಸುವುದಿಲ್ಲ, 95 ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಂಕಿ) ಪೆಟ್ರೋಲ್ ಹಾಕುತ್ತೇನೆ ಎಂದು ತೀರ್ಮಾನಿಸಿದೆ.

ನಾಕಿಂಗ್ ಅಂದರೆ ಏನು? ಪ್ಲಗ್ ಕಿಡಿಯಿಂದ ಹೊರಟ ಉರಿ ಮೂಲೆ ತಲುಪುವ ಮೊದಲೇ, ಮೂಲೆಯಲ್ಲಿರುವ ಗಾಳಿ ಪೆಟ್ರೋಲ್ ಬಿಸಿಗೆ ತಾನಾಗಿಯೇ ಒಮ್ಮೆಲೇ ಹೊತ್ತಿಕೊಳ್ಳುವುದು. ಡಬ್ಬದೊಳಗೆ ಜಲ್ಲಿ ಹಾಕಿ ಅಲ್ಲಾಡಿಸಿದ ಸದ್ದು ಬರುತ್ತದೆ. ಕೇಳಿಸಿದ ಕ್ಷಣ ಕಾಲು ತೆಗೆಯಿರಿ.

ಟರ್ಬೊ ಮತ್ತು ಆಯಿಲ್

ಗುಜರಿಯಲ್ಲಿ ಸುಲಭವಾಗಿ ಸಿಗುವುದು 1.3 ಲೀಟರ್ ಡೀಸೆಲ್ ಕಾರಿನ ಚಿಕ್ಕ ಟರ್ಬೊ. ನಾನು ಹಾಕಿದ್ದೂ ಅದನ್ನೇ. ಮೇಲಿನ ಆರ್‌ಪಿಎಂನಲ್ಲಿ ಇದಕ್ಕೆ ಉಸಿರು ಕಟ್ಟುತ್ತದೆ. ಆದರೆ ತೋಟದ ಏರಿನಲ್ಲಿ ನಮಗೆ ಬೇಕಿರುವುದು 2,000ದಿಂದ 4,000ದ ನಡುವಿನ ಎಳೆತ. ಎರಡು ವಿಷಯ ಗಮನಿಸಿ. ಡೀಸೆಲ್ ಹೊಗೆಗಿಂತ ಪೆಟ್ರೋಲ್ ಹೊಗೆ ಜಾಸ್ತಿ ಬಿಸಿ, ಪೂರ್ತಿ ಲೋಡಿನಲ್ಲಿ 900 ಡಿಗ್ರಿ ದಾಟಬಲ್ಲದು. ಡೀಸೆಲ್ ಟರ್ಬೊವನ್ನು ಅಷ್ಟು ಕಾವಿಗೆ ಮಾಡಿರುವುದಿಲ್ಲ. ಹಾಗಾಗಿ ಪೆಟ್ರೋಲನ್ನು ಕಡಿಮೆ ಕೊಟ್ಟು ಓಡಿಸುವ ಹಾಗೇ ಇಲ್ಲ. ಮತ್ತೆ, ಅದರ ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಡೀಸೆಲ್ಲಿನ ದೊಡ್ಡ ಬೂಸ್ಟ್‌ಗೆ ಸೆಟ್ ಆಗಿರುತ್ತದೆ. ಹಾಗೇ ಜೋಡಿಸಿದರೆ ಪೆಟ್ರೋಲ್ ಇಂಜಿನ್ ಮುಗಿದಂತೆಯೇ. ಆ ಬಾಗಿಲು ಬೇಗ ತೆರೆಯುವಂತೆ ಮೆದು ಸ್ಪ್ರಿಂಗಿನ ಆಕ್ಚುಯೇಟರ್ ಹಾಕಲೇಬೇಕು.

ಇಂಥ ಚಿಕ್ಕ ಟರ್ಬೊದ ದಂಡ ನಿಮಿಷಕ್ಕೆ 2 ಲಕ್ಷ ಸುತ್ತು ತಿರುಗಬಲ್ಲದು. ಅದನ್ನು ಹಿಡಿದಿರುವುದು ತೆಳ್ಳಗಿನ ಆಯಿಲ್ ಪದರ ಮಾತ್ರ. ಎಲ್ಲರೂ ಆಯಿಲ್ ಬರುವ ಪೈಪಿನ ಬಗ್ಗೆ ಯೋಚಿಸುತ್ತಾರೆ, ವಾಪಸ್ ಹೋಗುವ ಪೈಪನ್ನು ಮರೆಯುತ್ತಾರೆ. ಟರ್ಬೊದಿಂದ ಹೊರಬರುವ ಆಯಿಲ್‌ಗೆ ಒತ್ತಡ ಇರುವುದಿಲ್ಲ. ನೊರೆಯಾಗಿ ತನ್ನ ಭಾರಕ್ಕೆ ಇಳಿಯಬೇಕು. ನನ್ನ ಪೈಪ್ ಒಂದು ಕಡೆ ಜೋತು ಬಿದ್ದಿತ್ತು. ಮೊದಲ ದಿನವೇ ನೀಲಿ ಹೊಗೆ. ಟರ್ಬೊ ಸೀಲ್ ಹೋಯಿತು ಎಂದು ಎರಡು ದಿನ ಸಂಕಟಪಟ್ಟೆ. ಪಕ್ಕದ ತೋಟದ ಹಿರಿಯ ಮೆಕ್ಯಾನಿಕ್ ಒಬ್ಬರು ಬಗ್ಗಿ ನೋಡಿ, "ಸೀಲ್ ಸರಿಯಾಗಿದೆ ಮಗಾ, ಆಯಿಲ್‌ಗೆ ಇಳಿಯೋಕೆ ದಾರಿ ಇಲ್ಲ" ಎಂದರು. ಪೈಪ್ ಕತ್ತರಿಸಿ ನೇರ ಇಳಿಜಾರು ಮಾಡಿ, ಇಂಜಿನ್ ಕೆಳಗಿನ ಆಯಿಲ್ ಚೇಂಬರ್‌ನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಿಸಿದೆ. ಹೊಗೆ ನಿಂತಿತು.

ಪೆಟ್ರೋಲಿನ ಲೆಕ್ಕ

ಕಂಪನಿ ಕಂಪ್ಯೂಟರಿನ ಲೆಕ್ಕ ಹೊರಗಿನ ಗಾಳಿಯ ಒತ್ತಡದವರೆಗೆ ಮಾತ್ರ. ಅದರಾಚೆ ಎಷ್ಟು ಪೆಟ್ರೋಲ್ ಕೊಡಬೇಕು ಅನ್ನುವುದನ್ನು ನಾವೇ ಹೇಳಿಕೊಡಬೇಕು, ಅಂದರೆ ಟ್ಯೂನ್ ಮಾಡಬಹುದಾದ ಇಸಿಯು (ಇಂಜಿನ್ ಕಂಪ್ಯೂಟರ್) ಬೇಕು.

ಇಂಜೆಕ್ಟರ್ ಎಷ್ಟು ದೊಡ್ಡದಿರಬೇಕು? 6,000 ಆರ್‌ಪಿಎಂನಲ್ಲಿ ಇಂಜಿನ್ ನಿಮಿಷಕ್ಕೆ 3,000 ಸಲ ತುಂಬುತ್ತದೆ. 1.307 ಲೀಟರ್ × 3,000 = 3,921 ಲೀಟರ್. ಶೇ 85 ತುಂಬುತ್ತದೆ ಎಂದರೆ 3,333 ಲೀಟರ್. ಮಡಿಕೇರಿಯ ಗಾಳಿ ಘನಮೀಟರಿಗೆ ಸುಮಾರು 1.04 ಕೆಜಿ ತೂಗುತ್ತದೆ. 1.45 ಪಟ್ಟು ಅದುಮಿ, ಬಿಸಿಯಿಂದ ಹೋಗುವುದನ್ನು ಕಳೆದರೆ ಘನಮೀಟರಿಗೆ 1.42 ಕೆಜಿ. ಅಂದರೆ ನಿಮಿಷಕ್ಕೆ 4.7 ಕೆಜಿ ಗಾಳಿ. ಬೂಸ್ಟ್‌ನಲ್ಲಿ 12 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಕೊಡೋಣ. ಸಾಮಾನ್ಯ ಓಟದ 14.7 ಇಲ್ಲಿ ಸಲ್ಲದು. ಜಾಸ್ತಿ ಪೆಟ್ರೋಲ್ ಒಳಗಿನ ಬಿಸಿ ಇಳಿಸುತ್ತದೆ. ಆಗ ನಿಮಿಷಕ್ಕೆ 0.39 ಕೆಜಿ, ಅಂದರೆ ಸುಮಾರು 525 ಸಿಸಿ. ನಾಲ್ಕರಲ್ಲಿ ಹಂಚಿದರೆ 131. ಇಂಜೆಕ್ಟರ್ ಶೇ 80ಕ್ಕಿಂತ ಜಾಸ್ತಿ ಹೊತ್ತು ತೆರೆದಿರಬಾರದು, ಹಾಗಾಗಿ 164. ನಾನು 200 ಸಿಸಿಯದು ಆರಿಸಿಕೊಂಡೆ. ಈಗ ಬಂಕಿನಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಅದೇ ಗಾಳಿಗೆ ಇನ್ನೂ ಜಾಸ್ತಿ ಸುರಿಯಬೇಕಾಗುತ್ತದೆ, ಆ ಅಂತರ ಕೈಯಲ್ಲಿರಲಿ. ಹಳೇ ರಬ್ಬರ್ ಪೈಪುಗಳನ್ನೂ ಬದಲಿಸಿಬಿಡಿ, ಎಥನಾಲ್ ಅವನ್ನು ಕೊರೆಯುತ್ತದೆ.

ಟೈಮಿಂಗ್ (ಪ್ಲಗ್ ಕಿಡಿ ಹೊಡೆಯುವ ಸಮಯ): 1 ಪಿಎಸ್‌ಐ ಬೂಸ್ಟ್‌ಗೆ 1 ಡಿಗ್ರಿ ಹಿಂದಕ್ಕೆ, ಇದು ಶುರು ಮಾಡಲು ರೂಢಿಯ ಅಳತೆ. 0.4 ಬಾರ್ ಅಂದರೆ 5.8 ಪಿಎಸ್‌ಐ, ಸುಮಾರು 6 ಡಿಗ್ರಿ.

ಬಿಸಿಯ ಬಗ್ಗೆ ನಾನು ಕಲಿತದ್ದು ಬೇರೆಯೇ. ಬಯಲಲ್ಲಿ ಟರ್ಬೊ ಹತ್ತು ಸೆಕೆಂಡ್ ಪೂರ್ತಿ ದುಡಿದು ಸುಮ್ಮನಾಗುತ್ತದೆ. ನಮ್ಮ ಏರಿನಲ್ಲಿ ಎರಡನೇ ಗೇರ್, ಗಂಟೆಗೆ 20 ಕಿ.ಮೀ., ಎಷ್ಟು ಹೊತ್ತಾದರೂ ಬೂಸ್ಟ್ ಇಳಿಯುವುದೇ ಇಲ್ಲ. 25 ಡಿಗ್ರಿಯ ಗಾಳಿ ಟರ್ಬೊದಿಂದ ಹೊರಬರುವಾಗ 75ರ ಸುತ್ತ ಇರುತ್ತದೆ. ಅದನ್ನು ತಣಿಸುವುದು ಇಂಟರ್‌ಕೂಲರ್, ಗಾಳಿಗೆಂದೇ ಇರುವ ರೇಡಿಯೇಟರ್ ಇದ್ದ ಹಾಗೆ. ಅದರ ಮುಂದೆ ಹಾದುಹೋಗಲು ಗಾಳಿಯೇ ಇಲ್ಲದಿದ್ದರೆ ಅದು ತಣಿಸುವುದು ಹೇಗೆ? ಬಾನೆಟ್ ಕೆಳಗೆ ಸುಮ್ನೆ ಕಟ್ಟಿದ ಇಂಟರ್‌ಕೂಲರ್ ನಮ್ಮಲ್ಲಿ ಕೆಲಸಕ್ಕೆ ಬಾರದು. ರೇಡಿಯೇಟರ್ ಮುಂದೆ ಕೂರಿಸಿ, ಅದಕ್ಕೇ ಒಂದು ಫ್ಯಾನ್ ಕೊಡಬೇಕು.

ಕಾನೂನಿನ ಮಾತನ್ನು ಮುಚ್ಚಿಡುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವ ಹಾಗಿಲ್ಲ. ಓವರ್‌ಹಾಲ್‌ಗೆ ತೊಂದರೆ ಇಲ್ಲ, ಟರ್ಬೊ ಬೇರೆ ಮಾತು. ಟರ್ಬೊ ಹಾಕಿದ ಮೇಲೆ ನನ್ನ ಜಿಪ್ಸಿ ತೋಟದ ಗೇಟ್ ದಾಟಿಲ್ಲ.

ಟರ್ಬೊ ಹಾಕುವ ಮುಂಚೆಯೇ ಕಟ್ಟಿದ ಇಂಜಿನ್ನನ್ನು 500 ಕಿ.ಮೀ. ಓಡಿಸಿದ್ದೆ, ನಡುವೆ ಎರಡು ಸಲ ಆಯಿಲ್ ಬದಲಿಸಿ. ಆಮೇಲೆ ಕಂಪ್ರೆಶನ್ ನೋಡಿದರೆ 149, 148, 150, 148. ಆ ನಾಲ್ಕು ಅಂಕಿ ನೋಡಿದಾಗ ಆದ ಸಂತೋಷ ಟರ್ಬೊ ಮೊದಲು ಶಿಳ್ಳೆ ಹೊಡೆದಾಗಲೂ ಆಗಲಿಲ್ಲ.

ಈಗ 0.25 ಬಾರ್‌ನಲ್ಲಿ ಓಡುತ್ತಿದೆ. ತೋಟದ ಕಣದಿಂದ ಮೇಲಿನ ಗೇಟಿನವರೆಗೆ ಮೂಟೆ ಹೇರಿಕೊಂಡು ಎರಡನೇ ಗೇರಿನಲ್ಲೇ ಹತ್ತುತ್ತದೆ. ಪ್ರತಿ ವಾರ ಪ್ಲಗ್ ಬಿಚ್ಚಿ ಪಿಂಗಾಣಿಯ ಮೇಲೆ ಬೆಳ್ಳಿಯಂಥ ಚುಕ್ಕಿ ಇದೆಯಾ ನೋಡುತ್ತೇನೆ. ಇದ್ದರೆ ಪಿಸ್ಟನ್ ಕರಗುತ್ತಿದೆ ಎಂದರ್ಥ. ಇದುವರೆಗೆ ಕಂಡಿಲ್ಲ. 0.4ರ ಸ್ಪ್ರಿಂಗ್ ಡಬ್ಬಿಯಲ್ಲಿದೆ. ಇಂಟರ್‌ಕೂಲರಿನ ಫ್ಯಾನ್ ಕೂರಿಸಿ, ಮೇಲಿನ ಗೇಟ್ ತಲುಪುವಾಗಲೂ ಇಂಜಿನ್ ಒಳಗೆ ಹೋಗುವ ಗಾಳಿ 45 ಡಿಗ್ರಿ ದಾಟದ ದಿನ ಅದನ್ನು ಹಾಕುತ್ತೇನೆ.