ಕುಕ್ಕರಿನ ಕೂಗು ಎಣಿಸುವ ಮೊದಲು

ಚಿಕ್ಕಮಗಳೂರಿನ ಸುತ್ತಲಿನ ಹೋಂಸ್ಟೇಗಳ ಅಡುಗೆಯವರಿಗೆ ತರಬೇತಿ ನೀಡುವಾಗ ನನಗೆ ಮೊದಲು ಎದುರಾಗುವ ಪ್ರಶ್ನೆ, ಮಟನ್‌ಗೆ ಕುಕ್ಕರ್ ಎಷ್ಟು ಕೂಗು ಕೂಗಬೇಕು ಎಂಬುದು. ಯಾವ ಭಾಗದ ಮಾಂಸ ಎಂದು ಮರುಪ್ರಶ್ನೆ ಹಾಕಿದರೆ ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ. ಭಾನುವಾರದ ನೂಕುನುಗ್ಗಲಿನಲ್ಲಿ ಅಂಗಡಿಯವರು ತೊಡೆ, ಕತ್ತು, ಪಕ್ಕೆಲುಬು, ಒಂದಿಷ್ಟು ಲಿವರ್ ಎಲ್ಲವನ್ನೂ ಕತ್ತರಿಸಿ ಒಂದೇ ಕವರಿಗೆ ಹಾಕಿಕೊಡುತ್ತಾರೆ. ನಾವೂ ಅದನ್ನು ಹಾಗೆಯೇ ಕುಕ್ಕರಿಗೆ ಸುರಿಯುತ್ತೇವೆ. ಕತ್ತಿನ ತುಂಡು ಮೆತ್ತಗಾಗುವಷ್ಟರಲ್ಲಿ ತೊಡೆಯ ತುಂಡು ನಾರುನಾರಾಗಿರುತ್ತದೆ, ಲಿವರ್ ಅಂತೂ ಗಟ್ಟಿಯಾಗಿ ಪುಡಿಪುಡಿಯಾಗುತ್ತದೆ.

ದಿನವಿಡೀ ತಲೆ ತಗ್ಗಿಸಿ ಮೇಯುವ, ನಡೆಯುವ ಕುರಿಯ ಕತ್ತು, ಹೆಗಲು ಮತ್ತು ಕಾಲುಗಳು ಸದಾ ದುಡಿಯುವುದರಿಂದ ಅವುಗಳಲ್ಲಿ ಕೊಲಾಜೆನ್ ಎಂಬ ಗಟ್ಟಿ ಅಂಶ ಹೆಚ್ಚಿರುತ್ತದೆ. ಬೆನ್ನಿನ ಭಾಗಕ್ಕೆ ಅಷ್ಟು ದುಡಿಮೆಯಿಲ್ಲ. ಮಾಂಸದ ಎಳೆಗಳು 65 ಡಿಗ್ರಿ ದಾಟುತ್ತಿದ್ದಂತೆ ಬಿಗಿದುಕೊಂಡು ತಮ್ಮ ನೀರನ್ನು ಹೊರಹಾಕುತ್ತವೆ. ಕೊಲಾಜೆನ್ ಕರಗಿ ಜೆಲಾಟಿನ್ ಆಗುವುದಕ್ಕಾದರೋ 70 ಡಿಗ್ರಿಗೂ ಮೇಲಿನ ಕಾವು ಬಹಳ ಹೊತ್ತು ಬೇಕು. ಆದ್ದರಿಂದ ಕೊಲಾಜೆನ್ ಕಡಿಮೆಯಿರುವ ಭಾಗವನ್ನು ಹೆಚ್ಚು ಬೇಯಿಸಿದಷ್ಟೂ ನಷ್ಟವೇ. ಹೆಚ್ಚಿರುವ ಭಾಗವನ್ನು ಬೇಗ ಇಳಿಸಿದರೆ ಹಲ್ಲಿಗೆ ಕೆಲಸ. ಕಾಲು ಸೂಪು ಆರಿದ ಮೇಲೆ ಗಟ್ಟಿಯಾಗಿ ಹೆಪ್ಪುಗಟ್ಟುವುದು ಈ ಜೆಲಾಟಿನ್‌ನಿಂದಲೇ.

ನಮ್ಮ ಊರಿನ ಎತ್ತರವನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲಿರುವ ಚಿಕ್ಕಮಗಳೂರಿನಲ್ಲಿ ನೀರು 96-97 ಡಿಗ್ರಿಗೇ ಕುದಿಯುತ್ತದೆ. ಗಿರಿಯ ಮೇಲಿನ ತೋಟದ ಮನೆಗಳಲ್ಲಿ ಇನ್ನೂ ಕಡಿಮೆ. ಮಂಗಳೂರಿನಿಂದ ಬಂದ ಅಡುಗೆಯವರು ತೆರೆದ ಪಾತ್ರೆಯಲ್ಲಿ ಕಾಲು ಬೇಯಿಸಲು ಹೊರಟು, ಬೆಂಕಿ ಸಾಲದೆಂದು ಉರಿ ಹೆಚ್ಚಿಸುವುದುಂಟು. ಉರಿ ಹೆಚ್ಚಿಸಿದರೆ ನೀರು ಬೇಗ ಬತ್ತುತ್ತದೆಯೇ ಹೊರತು ಅದರ ಕಾವು ಏರುವುದಿಲ್ಲ. ಕುಕ್ಕರಿನೊಳಗೆ ಕಾವು 120 ಡಿಗ್ರಿಯ ಹತ್ತಿರಕ್ಕೆ ಹೋಗುವುದರಿಂದ ಕತ್ತು, ಕಾಲು, ಬೋಟಿಗಳಿಗೆ ಅದೇ ಸರಿ. ಆದರೆ ಕೂಗಿನ ಎಣಿಕೆಯನ್ನು ನಾನು ನಂಬುವುದಿಲ್ಲ, ಏಕೆಂದರೆ ಅದು ಉರಿ, ನೀರಿನ ಪ್ರಮಾಣ, ಗ್ಯಾಸ್ಕೆಟ್ಟಿನ ಹಳತನಗಳಿಗೆ ತಕ್ಕಂತೆ ಬದಲಾಗುತ್ತದೆ. ಮೊದಲ ಕೂಗಾದ ಮೇಲೆ ಉರಿ ತಗ್ಗಿಸಿ ನಿಮಿಷ ಎಣಿಸುವುದು ಮೇಲು. ಬಲಿತ ಕುರಿಯ ಕತ್ತಿಗೆ 20-25 ನಿಮಿಷ ಹಿಡಿದರೆ, ಎಳೆಯದರ ತೊಡೆಗೆ ಹತ್ತೇ ಸಾಕು. ಆವಿ ತಾನಾಗಿ ಇಳಿಯಲು ಬಿಡಬೇಕು. ಒಮ್ಮೆಲೇ ಹೊರಬಿಟ್ಟರೆ ತುಂಡಿನೊಳಗಿನ ರಸ ಭರ್ರನೆ ಕುದಿದು ಹೊರಬಂದು ಮಾಂಸ ಒಣಗುತ್ತದೆ.

ಕವರಿನಲ್ಲಿ ಎಲ್ಲವೂ ಬೆರೆತೇ ಬಂದಿದ್ದರೆ ಮನೆಯಲ್ಲಿ ಬೇರ್ಪಡಿಸಿಕೊಳ್ಳಬಹುದು. ಮೂಳೆ ಮತ್ತು ಕತ್ತಿನ ತುಂಡುಗಳನ್ನು ಅರಿಶಿನ, ಉಪ್ಪಿನೊಡನೆ ಮೊದಲು ಬೇಯಿಸಿ, ಮುಚ್ಚಳ ತೆಗೆದು, ತೊಡೆ ಮತ್ತು ಪಕ್ಕೆಲುಬನ್ನು ರುಬ್ಬಿದ ಮಸಾಲೆಯ ಜೊತೆಗೆ ಸೇರಿಸಿ, ಸಾರು ಇಳಿಸುವುದಕ್ಕೆ ಐದು ನಿಮಿಷ ಮುಂಚೆ ಲಿವರ್ ಹಾಕಿದರೆ ಎಲ್ಲವೂ ಒಟ್ಟಿಗೆ ಹದಕ್ಕೆ ಬರುತ್ತದೆ. ಪೆಪ್ಪರ್ ಫ್ರೈಗಾದರೆ ಬೆಂದ ತುಂಡುಗಳ ನೀರನ್ನು ಸಾರಿಗೆ ಬಸಿದುಕೊಂಡು, ಒಣಗಿದ ಮೇಲೆ ಕಬ್ಬಿಣದ ಬಾಣಲೆಗೆ ಹಾಕಬೇಕು. ಹುರಿದ ಬಣ್ಣ ಮತ್ತು ಘಮ ಚೆನ್ನಾಗಿ ಬರುವುದು 140 ಡಿಗ್ರಿಯ ಆಸುಪಾಸಿನಲ್ಲಿ. ಬಾಣಲೆಯಲ್ಲಿ ನೀರಿರುವ ತನಕ ಕಾವು ಅಲ್ಲಿಗೆ ಮುಟ್ಟುವುದೇ ಇಲ್ಲ.

ಫಾರಂ ಕೋಳಿಗೆ ಕುಕ್ಕರ್ ಏಕೆ ಬೇಕೋ ನನಗೆ ತಿಳಿಯದು. ಆರು ವಾರ ಆಸುಪಾಸಿನಲ್ಲಿ ಕೊಯ್ಯುವ ಆ ಕೋಳಿಯಲ್ಲಿ ಬಲಿತದ್ದೆನ್ನುವುದು ಏನೂ ಇರುವುದಿಲ್ಲ. ಹಲವು ತಿಂಗಳು ಅಂಗಳದಲ್ಲಿ ಓಡಾಡಿದ ನಾಟಿ ಹುಂಜದ ತೊಡೆಗೆ ಮಾತ್ರ ದೀರ್ಘ ಬೇಯುವಿಕೆ ಸಲ್ಲುತ್ತದೆ. ಮೂಡಿಗೆರೆ ಕಡೆಯ ಹಂದಿ ಮಾಂಸದಲ್ಲಿ ಚರ್ಮ ಸಹಿತ ಕೊಬ್ಬಿರುವ ಭಾಗವನ್ನು ಸಣ್ಣ ಉರಿಯಲ್ಲಿಟ್ಟರೆ ಅದು ತನ್ನದೇ ಜಿಡ್ಡಿನಲ್ಲಿ ಹುರಿಯುತ್ತದೆ, ಬೇರೆ ಎಣ್ಣೆ ಬೇಕಿಲ್ಲ. ಲಾಡಿಹುಳುವಿನ ಭಯವಿರುವುದರಿಂದ ಒಳಗಿನವರೆಗೂ ಬೇಯಲೇಬೇಕು.

ಕೈಮಕ್ಕೆ ಹಲವರು ತೊಡೆಯನ್ನೇ ಕೇಳುತ್ತಾರೆ, ಅದು ದುಬಾರಿ ತಪ್ಪು. ಕೊಬ್ಬಿಲ್ಲದ ತೊಡೆಯ ಕೈಮ ಉಂಡೆ ಒಣಗಿ ಬಿರಿಯುತ್ತದೆ. ಸ್ವಲ್ಪ ಕೊಬ್ಬಿರುವ ಹೆಗಲಿನ ಮಾಂಸವನ್ನು ಕೊಚ್ಚಿಸಿದರೆ ಉಂಡೆ ಮೆತ್ತಗಿರುತ್ತದೆ. ಕೊಚ್ಚುವಾಗ ಮೇಲ್ಮೈಯ ಕ್ರಿಮಿಗಳು ಒಳಗೂ ಬೆರೆಯುವುದರಿಂದ ಅದನ್ನು ಅಂದೇ ಮಾಡಿ, ಉಂಡೆಯ ನಡುಭಾಗದ ಕೆಂಪು ಪೂರ್ತಿ ಹೋಗುವ ತನಕ ಬೇಯಿಸಬೇಕು.