155ರಲ್ಲಿ 2 ಬರೀ 63 ಸಲ ಹೋಗುವುದು ಯಾಕೆ?

ಪ್ರಶ್ನೆ: ಸರ್, ನಾನು ಗಂಗಾವತಿಯವನು. ಡಿಪ್ಲೊಮಾ ಮುಗಿಸಿ ಫೈಬರ್ ಕೆಲಸಕ್ಕೆ ಸೇರಿ ಆರು ತಿಂಗಳಾಯಿತು. ಎಸ್‌ಟಿಎಂ-1 ಅಂದರೆ 155 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗದ ದೊಡ್ಡ ಲೈನು, ಇ1 ಅಂದರೆ ಅದರೊಳಗೆ ಕೂರುವ 2 ಎಂಬಿಪಿಎಸ್ ವೇಗದ ಚಿಕ್ಕ ಲೈನು ಅಂತ ಹೇಳಿಕೊಟ್ಟಿದ್ದಾರೆ. ಭಾಗಿಸಿದರೆ 77 ಬರುತ್ತದೆ. ಆದರೆ ಒಂದು ಎಸ್‌ಟಿಎಂ-1ರಲ್ಲಿ ಕೂರುವುದು 63 ಇ1 ಮಾತ್ರ ಅಂತಾರೆ. ಉಳಿದದ್ದು ಎಲ್ಲಿ ಹೋಯಿತು?

ಉತ್ತರ: ಮೊದಲು ಅಂಕಿ ಸರಿಮಾಡಿಕೊಳ್ಳೋಣ. 155, 2 ಎರಡೂ ಬಾಯಿಮಾತಿನ ಲೆಕ್ಕ. ನಿಜವಾದ ಅಂಕಿ 155.52 ಮತ್ತು 2.048. ಹೀಗೆ ಭಾಗಿಸಿದರೆ 75.9 ಬರುತ್ತದೆ. ಆದರೂ ಹತ್ತಿರ ಹತ್ತಿರ ಹದಿಮೂರು ಇ1 ಕಾಣೆ.

ನಿಮ್ಮ ಭಾಗಾಕಾರ ತಪ್ಪಿಲ್ಲ ತಮ್ಮಾ. ಭಾಗಿಸಲು ತಗೊಂಡ ಅಂಕಿ ತಪ್ಪು. ನಿಮ್ಮೂರಿನ ರೈಸ್ ಮಿಲ್ಲಿನಿಂದ ಅಕ್ಕಿ ಲೋಡು ಹೊರಟಿದೆ ಅಂದುಕೊಳ್ಳಿ. ವೇ ಬ್ರಿಡ್ಜ್ ಮೇಲೆ ಲಾರಿ ಸಮೇತ ಬಂದ ತೂಕವನ್ನು ಒಂದು ಚೀಲದ ಅಕ್ಕಿಯ ತೂಕದಿಂದ ಭಾಗಿಸಿ 'ಇಷ್ಟು ಚೀಲ ಇವೆ' ಅಂದರೆ ಹಮಾಲರೂ ನಗುತ್ತಾರೆ. ಖಾಲಿ ಲಾರಿಯ ತೂಕ ಕಳೆಯಬೇಕಲ್ವಾ? 155.52 ಅನ್ನುವುದು ಲಾರಿ ಸಮೇತದ ತೂಕ.

ಆ ಲಾರಿ ಹೇಗಿದೆ ನೋಡಿ. ಎಸ್‌ಟಿಎಂ-1ರ ಒಂದು ಫ್ರೇಮ್ ಅಂದರೆ ಚೌಕುಳಿ ಹಾಳೆ ಇದ್ದ ಹಾಗೆ. ಅಡ್ಡಸಾಲು 9, ಕಾಲಂ 270. ಒಂದೊಂದು ಮನೆಯಲ್ಲಿ ಒಂದು ಬೈಟ್, ಅಂದರೆ 8 ಬಿಟ್. ಇಂಥ ಹಾಳೆ ಸೆಕೆಂಡಿಗೆ 8000 ಹೋಗುತ್ತವೆ. 270, 9, 8, 8000 ನಾಲ್ಕನ್ನೂ ಗುಣಿಸಿದರೆ 15,55,20,000 ಬಿಟ್. ಅದೇ ನಮ್ಮ 155.52 ಎಂಬಿಪಿಎಸ್.

ಈಗ ಒಂದೇ ಒಂದು ಕಾಲಂ ತಗೊಳ್ಳಿ. 9, 8, 8000 ಗುಣಿಸಿದರೆ 0.576 ಎಂಬಿಪಿಎಸ್. ಇದೊಂದು ಅಂಕಿ ನೆನಪಿಟ್ಟುಕೊಂಡರೆ ಎಸ್‌ಡಿಎಚ್‌ನ, ಅಂದರೆ ಎಸ್‌ಟಿಎಂ ಲೈನುಗಳ ಈ ಪದ್ಧತಿಯ, ಅರ್ಧ ಲೆಕ್ಕ ಬಾಯಲ್ಲೇ ಆಗುತ್ತದೆ. ಒಂದು ಇ1ಗೆ ಎಷ್ಟು ಕಾಲಂ ಬೇಕು? ಮೂರು ಕೊಟ್ಟರೆ 1.728, ಸಾಲದು. ನಾಲ್ಕು ಕೊಟ್ಟರೆ 2.304, ಸ್ವಲ್ಪ ಜಾಸ್ತಿಯಾಯಿತು. ಅರ್ಧ ಕಾಲಂ ಕೊಡುವ ಪದ್ಧತಿ ಇಲ್ಲಿಲ್ಲ. ಹಾಗಾಗಿ ನಾಲ್ಕು. 63 ಇ1ಗೆ 252 ಕಾಲಂ.

ಇ1 ಯುರೋಪಿನ ಪದ್ಧತಿ. ಅದರ ಜಾಗದಲ್ಲಿ ಅಮೆರಿಕದವರು ಬಳಸುವ ಟಿ1 ಬರೀ 1.544 ಎಂಬಿಪಿಎಸ್. ಅದಕ್ಕೆ ಮೂರೇ ಕಾಲಂ ಸಾಕು. ಅದೇ 252 ಕಾಲಂಗಳಲ್ಲಿ ಟಿ1 ಆದರೆ 84 ಕೂರುತ್ತವೆ. ಯುರೋಪಿನವರಿಗೂ ಅಮೆರಿಕದವರಿಗೂ ಒಂದೇ ಡಬ್ಬಿ ಹೊಂದಬೇಕು ಅಂತ ಲೆಕ್ಕ ಹಾಕಿದವರ ಜಾಣತನ ಇದು. ನನಗೆ ಈಗಲೂ ಖುಷಿ ಕೊಡುವ ಲೆಕ್ಕ.

ಉಳಿದ ಕಾಲಂ 18. ಅದರಲ್ಲಿ 9 ಲೈನಿನ ಉಸ್ತುವಾರಿಗೆ: ಫ್ರೇಮ್ ಎಲ್ಲಿ ಶುರುವಾಯಿತು, ದಾರಿಯಲ್ಲಿ ಎಷ್ಟು ತಪ್ಪಾಯಿತು, ಅಲಾರಂ ಏನಾದರೂ ಇದೆಯಾ, ಇಂಥವು. ಇನ್ನೊಂದು ಒಳಗಿನ ಸರಕಿನ ಉಸ್ತುವಾರಿಗೆ. 8 ಸುಮ್ನೆ ತುಂಬಿಸಿದ್ದು. ಆದರೆ ಕಾಣೆಯಾದ ಇ1ಗಳಲ್ಲಿ ಈ 18 ಕಾಲಂ ನುಂಗುವುದು ಐದನ್ನು ಮಾತ್ರ. ಉಳಿದ ಎಂಟರ ಹತ್ತಿರ ಹೋಗುವುದು ನಾಲ್ಕು ಕಾಲಂ ಕೊಟ್ಟಿದ್ದರಿಂದ. ಅಂದರೆ ಖಾಲಿ ಲಾರಿಯ ತೂಕಕ್ಕಿಂತ ಖಾಲಿ ಚೀಲಗಳ ತೂಕವೇ ಜಾಸ್ತಿ! ಅದೂ ಪೂರ್ತಿ ದಂಡವಲ್ಲ. ಇ1 ಕಳಿಸುವವರ ಗಡಿಯಾರ ಒಂಚೂರು ಹಿಂದೆ ಮುಂದೆ ಇದ್ದರೆ ಹೊಂದಿಸಿಕೊಳ್ಳಲು ಜಾಗ ಬೇಕು.

ಸೆಕೆಂಡಿಗೆ 8000 ಹಾಳೆ ಅನ್ನುವ ಅಂಕಿ ಬಂದದ್ದು ಟೆಲಿಫೋನಿನಿಂದ. ಮಾತಿನ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಗೆ 8 ಬಿಟ್ ಕೊಟ್ಟರೆ 64 ಕೆಬಿಪಿಎಸ್. ಅಂಥ 32 ಸೇರಿದರೆ ಇ1. ಅದರಲ್ಲಿ ಮಾತಿಗೆ 30.

ಇಲ್ಲೊಂದು ಗುಂಡಿ ಇದೆ, ನಾನೂ ಹೊಸದರಲ್ಲಿ ಬಿದ್ದಿದ್ದೆ. 2048 ಕಂಡ ಕೂಡಲೇ ಕಂಪ್ಯೂಟರಿನ 1024 ನೆನಪಾಗುತ್ತದೆ. 'ಓ, ಸರಿಯಾಗಿ 2 ಎಂಬಿಪಿಎಸ್' ಅಂದುಕೊಂಡುಬಿಡುತ್ತೇವೆ. ಅಲ್ಲ. ಟೆಲಿಕಾಂನಲ್ಲಿ ಕಿಲೋ ಅಂದರೆ 1000, ಮೆಗಾ ಅಂದರೆ ಹತ್ತು ಲಕ್ಷ, ಅಷ್ಟೇ. 2048 ಬಂದದ್ದು 32ನ್ನು 64ರಿಂದ ಗುಣಿಸಿದ್ದಕ್ಕೆ.

ಮೇಲಿನ ಮೆಟ್ಟಿಲು ಸುಲಭ. ಎಸ್‌ಟಿಎಂ-4ಕ್ಕೆ ನಾಲ್ಕರಿಂದ ಗುಣಿಸಿ: 622.08. ಎಸ್‌ಟಿಎಂ-16ಕ್ಕೆ 2488.32, ಎಸ್‌ಟಿಎಂ-64ಕ್ಕೆ 9953.28. ಚೂರೂ ಆಚೀಚೆ ಇಲ್ಲ. ಅಮೆರಿಕದವರು ಇಂಥ ಲೈನುಗಳಿಗೆ ಇಡುವ ಓಸಿ ಅಂಕಿ ಕಂಡರೆ ಮೂರರಿಂದ ಭಾಗಿಸಿ. ಓಸಿ-48 ಅಂದರೆ ಎಸ್‌ಟಿಎಂ-16. ನೀವು ಮನೆಮನೆಗೆ ಎಳೆಯುವ ಫೈಬರ್ ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ಪದ್ಧತಿ) ಆಗಿದ್ದರೆ, ಅದರ ಇಳಿಯುವ ವೇಗ 2.488 ಜಿಬಿಪಿಎಸ್ ಅಲ್ವಾ? ಅದೂ ಇದೇ 2488.32. ಅದರ ಫ್ರೇಮೂ ಸೆಕೆಂಡಿಗೆ 8000. ಮನೆಯಲ್ಲಿ ಈಗ ಸಿನಿಮಾ ನೋಡುತ್ತಿರಬಹುದು, ತಾಳ ಮಾತ್ರ ಹಳೇ ಟೆಲಿಫೋನಿನದೇ.

ಗ್ರಾಹಕರು ಕೇಳುವುದು ಇದ್ಯಾವುದೂ ಅಲ್ಲ. '100 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದೇನೆ, ಡೌನ್‌ಲೋಡ್ 11 ಅಂತ ತೋರಿಸುತ್ತದೆ, ಮೋಸ' ಅಂತ ಜಗಳಕ್ಕೆ ನಿಲ್ಲುತ್ತಾರೆ. ಪ್ಲಾನ್ ಹೇಳುವುದು ಬಿಟ್, ಕಂಪ್ಯೂಟರ್ ತೋರಿಸುವುದು ಬೈಟ್. ಎಂಟರಿಂದ ಭಾಗಿಸಿದರೆ 12.5. ಪ್ಯಾಕೆಟ್ಟಿನ ಮೇಲಿನ ವಿಳಾಸ ಗಿಳಾಸಕ್ಕೆ ನೂರಕ್ಕೆ ಐದರಷ್ಟು ಹೋಗುತ್ತದೆ. ಕೆಲವು ಸಾಫ್ಟ್‌ವೇರ್ 1024ರ ಲೆಕ್ಕ ಹಿಡಿಯುತ್ತವೆ. ಅಲ್ಲಿಗೆ 11ರ ಆಸುಪಾಸು ಸರಿಯಾಗಿಯೇ ಇದೆ.

ವೇಗಕ್ಕೂ ಮೊತ್ತಕ್ಕೂ ಗೊಂದಲ ಮಾಡಿಕೊಂಡರೆ ನಮ್ಮ ಕಡೆಯವರಿಗೆ ತುಂಗಭದ್ರಾ ಡ್ಯಾಮಿನ ಲೆಕ್ಕ ಹೇಳಿ, ಥಟ್ಟನೆ ತಿಳಿಯುತ್ತದೆ. ಎಂಬಿಪಿಎಸ್ ಅಂದರೆ ಕ್ಯುಸೆಕ್. ಜಿಬಿ ಅಂದರೆ ಟಿಎಂಸಿ. 11,574 ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಹಾಗೇ ಒಂದು ಎಸ್‌ಟಿಎಂ-1 ದಿನವಿಡೀ ತುಂಬಿ ಹರಿದರೆ ಸುಮಾರು 1680 ಜಿಬಿ. ಅದೂ ಲಾರಿ ಸಮೇತ, ಮರೆಯಬೇಡಿ.

ಇನ್ನೊಂದು. ಹಳೆಯ ಎಸ್‌ಡಿಎಚ್ ಕಾರ್ಡ್ ಕೈಗೆ ಸಿಕ್ಕರೆ ಅದರ ಮೇಲಿನ ಪುಟ್ಟ ಆಸಿಲೇಟರ್ (ತಾಳ ಕೊಡುವ) ಡಬ್ಬಿಯನ್ನು ನೋಡಿ. ಎಷ್ಟೋ ಕಾರ್ಡುಗಳಲ್ಲಿ 19.44 ಮೆಗಾಹರ್ಟ್ಸ್ ಅಂತ ಇರುತ್ತದೆ. 155.52ನ್ನು 8ರಿಂದ ಭಾಗಿಸಿ ನೋಡಿ.